ಬುಡದ ಕೂದಲು

ಕೂದಲು ನೀರು ಕುಡಿಯುತ್ತದೆ ಎಂದಾಗ ಹಿರೇಹೊಳೆಯ ಜನ ನಕ್ಕಿದ್ದರು. ಮೂರು ವರ್ಷ ಕಳೆಯುವಷ್ಟರಲ್ಲಿ ಅವರಿಗೆ ಅದು ತೂಕದ ಯಂತ್ರದ ಮೇಲೆ ಹತ್ತಿ ಇಳಿದಷ್ಟೇ ಮಾಮೂಲಾಯಿತು. ಸರ್ಕಾರಿ ಆಸ್ಪತ್ರೆಗೆ ಮೊದಲ ಸಲ ಬಂದವರು ಒಂದೆರಡು ಎಳೆ ಕೂದಲು ಕೊಡಬೇಕು. ಅದು ಲಕೋಟೆಯಲ್ಲಿ ನೆಲಮಾಳಿಗೆಯ ಪ್ರಯೋಗಾಲಯಕ್ಕೆ ಹೋಗುತ್ತದೆ. ಅಲ್ಲಿಯ ಯಂತ್ರ ಅದನ್ನು ಸುಟ್ಟು, ಎದ್ದ ಹೊಗೆಯನ್ನು ತೂಗಿ, ಈ ಮನುಷ್ಯ ಯಾವ ಸೀಮೆಯ ನೀರು ಕುಡಿದು ಬದುಕಿದ್ದಾನೆ ಎಂದು ಹೇಳುತ್ತದೆ.

ನೀರಿನಲ್ಲಿ ಹಗುರವಾದ ಜಲಜನಕದ ನಡುವೆ ಭಾರವಾದದ್ದೂ ತುಸು ಬೆರೆತಿರುತ್ತದೆ. ಬಿಸಿಲಿಗೆ ಕಾದು ಆವಿಯಾಗುವ ನಮ್ಮ ಜಲಾಶಯಗಳಲ್ಲಿ ಅದರ ಪಾಲು ಹೆಚ್ಚು, ಹಿಮ ಕರಗಿ ಬರುವ ಹೊಳೆಗಳಲ್ಲಿ ಕಡಿಮೆ. ಕುಡಿದ ನೀರಿನ ಈ ಗುರುತು ಬೆಳೆಯುವ ಕೂದಲಿನಲ್ಲಿ ಹಾಗೇ ಉಳಿದುಬಿಡುತ್ತದೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರು ಬೆಳೆಯುವುದರಿಂದ ಬುಡದ ಆರು ಸೆಂಟಿಮೀಟರು ಎಂದರೆ ಹಿಂದಿನ ಆರು ತಿಂಗಳು.

ಯಂತ್ರ ತಂದವರ ಉದ್ದೇಶ ಒಳ್ಳೆಯದೇ ಇತ್ತು. ಈ ರಾಜ್ಯದಲ್ಲಿ ಆರು ತಿಂಗಳು ಬಾಳಿದವರಿಗೆಲ್ಲ ಜ್ವರದ ಗುಳಿಗೆಯಿಂದ ಹೃದಯದ ಶಸ್ತ್ರಚಿಕಿತ್ಸೆಯವರೆಗೆ ಎಲ್ಲವೂ ಉಚಿತ ಎಂದು ಕಾಯ್ದೆ ಬಂದಿತ್ತು. ಉಪ್ಪು, ಸೋಪು, ಬಸ್ಸಿನ ಟಿಕೀಟು ಕೊಂಡವರೆಲ್ಲ ತೆರಿಗೆ ಕಟ್ಟಿದವರೇ, ಹಾಗಾಗಿ ಇದು ದಾನವಲ್ಲ, ಹಕ್ಕು ಎಂದು ಅದರ ಮೊದಲ ಸಾಲಿನಲ್ಲೇ ಬರೆದಿತ್ತು. ಆದರೆ ಬಾಳಿದ್ದಕ್ಕೆ ಸಾಕ್ಷಿ ಏನು? ಕಾಗದ ಕೇಳಿದರೆ ರಸ್ತೆ ಹಾಕುವವರ, ಊರೂರು ತಿರುಗಿ ಬಳೆ ಮಾರುವವರ, ಗಂಡ ಹೊರಗೆ ಹಾಕಿದ ಹೆಂಗಸರ ಕೈಯಲ್ಲಿ ಕಾಗದವೇ ಇರಲಿಲ್ಲ. ಉಳ್ಳವರ ಕೈಯಲ್ಲಿ ಸುಳ್ಳು ಕಾಗದ ಬೇಕಾದಷ್ಟು ಇದ್ದವು. ಆದ್ದರಿಂದ ಇನ್ನು ಮುಂದೆ ಯಾವ ಕಾಗದವನ್ನೂ ನೋಡತಕ್ಕದ್ದಲ್ಲ, ಕೂದಲೇ ಸಾಕ್ಷಿ ಎಂದು ತೀರ್ಮಾನವಾಯಿತು.

ಮಂಗಳವಾರ ಬೆಳಿಗ್ಗೆ ಪ್ರಯೋಗಾಲಯದಲ್ಲಿ ರೇಷ್ಮಾ ನದಾಫ್ ಒಂದು ಫಲಿತಾಂಶವನ್ನು ಎರಡನೆಯ ಸಲ ನೋಡುತ್ತ ನಿಂತಿದ್ದಳು. ಆ ಯಂತ್ರ ಬಂದ ದಿನದಿಂದ ಅದನ್ನು ನಡೆಸುತ್ತಿದ್ದವಳು ಅವಳೇ. ನೀಲಗಂಗವ್ವ, ವಯಸ್ಸು ಐವತ್ತೇಳು. ಸೋಮವಾರ ಮಧ್ಯಾಹ್ನ ಕೆಲಸದ ಜಾಗದಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದಾಳೆ. ನಾಡಿ ನಿಮಿಷಕ್ಕೆ ಮೂವತ್ತಾರು. ಎದೆಯೊಳಗೆ ಪೇಸ್‌ಮೇಕರ್ ಕೂಡಿಸಬೇಕು. ಯಂತ್ರ ಹೇಳಿದ್ದು: ನಿವಾಸಿ ಅಲ್ಲ. ನೀರು ಉತ್ತರದ ಹಿಮಾಲಯದ ತಪ್ಪಲಿನದು. ಆಹಾರ ಅಕ್ಕಿ, ಗೋಧಿ.

ರೇಷ್ಮಾಳ ಕಣ್ಣು ಅಕ್ಕಿ, ಗೋಧಿಯ ಮೇಲೇ ನಿಂತಿತು. ಜೋಳ ತಿಂದವರ ಕೂದಲಿನ ಇಂಗಾಲಕ್ಕೆ ಬೇರೆಯದೇ ಗುರುತು. ಈ ಸೀಮೆಯವರಲ್ಲಿ ಅದು ತಪ್ಪುವುದೇ ಇಲ್ಲ. ಅವಳು ಒಳರೋಗಿಯ ಹಾಳೆ ತೆಗೆದು ಉದ್ಯೋಗ ಎಂದಿದ್ದಲ್ಲಿ ನೋಡಿದಳು. ‘ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುವುದು, ಇಪ್ಪತ್ತೆರಡು ವರ್ಷ’ ಎಂದು ಬರೆದಿತ್ತು.

ಅವಳು ಏಪ್ರನ್ ಬಿಚ್ಚದೆಯೇ ಮೆಟ್ಟಿಲು ಹತ್ತಿದಳು.

ಮೇಲೆ ಹೆಂಗಸರ ವಾರ್ಡಿನ ಬಾಗಿಲಲ್ಲಿ ಜಗಳ ನಡೆದಿತ್ತು. ನೀಲಗಂಗವ್ವನ ಸೊಸೆ ಶಶಿಕಲಾ ನಿವಾಸ ಪರಿಶೀಲನೆಯ ಅಧಿಕಾರಿ ಮುತಾಲಿಕರ ಮುಂದೆ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ನಿಂತಿದ್ದಳು.

“ರೇಷನ್ ಕಾರ್ಡ್ ಐತ್ರಿ ಸಾಹೇಬ್ರ, ವೋಟಿನ ಕಾರ್ಡ್ ಐತಿ, ನಮ್ಮತ್ತಿ ಮದಿವಿ ಫೋಟೋ ಐತಿ. ಹಿಂದಿನ ಗೋಡಿ ನೋಡ್ರಿ, ನಮ್ಮ ಗರಡಿಮನಿ ಗೋಡಿ. ಹಿಮಾಲಯ ಎಲ್ಲಿಂದ ಬಂತ್ರಿ?”

“ತಂಗಿ, ನಾ ಅವನ್ನ ನೋಡೂ ಹಂಗಿಲ್ಲವಾ. ಕಾಗದ ನೋಡಿದೆ ಅಂತ ಗೊತ್ತಾದ್ರ ನನ್ನ ನೌಕರಿ ಹೋಗ್ತದ.”

“ಮತ್ತ ನನ್ನ ಮಾರಿ ನೋಡ್ರಿ. ಅದಕ್ಕರೆ ಕಾನೂನ ಬಿಡತೇತೇನು?”

ಮುತಾಲಿಕರು ಕೆಟ್ಟವರಲ್ಲ. ಮಾತಾಡುತ್ತಲೇ ಪಕ್ಕದ ಕುರ್ಚಿಯ ಮೇಲಿದ್ದ ತಮ್ಮ ಕಡತಗಳನ್ನು ಎತ್ತಿ ಅವಳಿಗೆ ಕೂರಲು ಜಾಗ ಮಾಡಿಕೊಟ್ಟರು. ಅವಳು ಕೂರಲಿಲ್ಲ. ಹೊರಗಿನವರಿಗೂ ಜೀವ ಉಳಿಸುವ ಮೊದಲ ಚಿಕಿತ್ಸೆ ಉಚಿತ, ಆದರೆ ಎದೆಗೆ ಅಂಟಿಸಿ ಹೃದಯವನ್ನು ಮಿಡಿಸುವ ಪಟ್ಟಿ ನಡೆಯುವುದು ಮೂರು ದಿನ. ಗುರುವಾರ ಮಧ್ಯಾಹ್ನಕ್ಕೆ ಅದು ನಿಲ್ಲುತ್ತದೆ. ಅಷ್ಟರೊಳಗೆ ಅವರು ತಮ್ಮ ರಾಜ್ಯದ ಆಸ್ಪತ್ರೆಗೆ ಹೋಗಬೇಕು. ಬುಧವಾರ ಸಂಜೆ ಐದಕ್ಕೆ ಕಳಿಸುವ ಹಾಳೆಗೆ ತಾವು ಸಹಿ ಹಾಕಲೇಬೇಕು ಎಂದರು ಮುತಾಲಿಕರು.

“ಯಾವ ರಾಜ್ಯರೀ ನಮ್ಮದು?” ಎಂದಳು ಶಶಿಕಲಾ.

ರೇಷ್ಮಾ ಒಳಗೆ ಹೋದಳು. ನೀಲಗಂಗವ್ವ ದಿಂಬಿಗೆ ಒರಗಿ ಕೂತಿದ್ದಳು. ಹಣೆಯ ತನಕ ಹೊದ್ದ ಸೆರಗು, ಹಿಂದೆ ಕುತ್ತಿಗೆಯ ಮೇಲೆ ದೊಡ್ಡ ತುರುಬು. ಎದೆಯ ಮೇಲಿನ ಪಟ್ಟಿಯಲ್ಲಿ ಸಣ್ಣ ಹಸಿರು ದೀಪ ಮಿಣುಕುತ್ತಿತ್ತು. ಬಲಗೈಯ ಬೆರಳ ತುದಿಗಳು ಹೆಂಚಿನ ಕಾವಿಗೆ ನುಣುಪಾಗಿ ಸವೆದಿದ್ದವು. ಅಂಗೈಯ ಬುಡದಲ್ಲಿ ರೊಟ್ಟಿ ಬಡಿದು ಬಡಿದು ಗಟ್ಟಿಯಾದ ಚರ್ಮ. ರೇಷ್ಮಾಳ ತಾಯಿಯ ಕೈಯೂ ಹೀಗೇ ಇತ್ತು.

“ನೀವು ಅನ್ನಾ ಜಾಸ್ತಿ ಉಣ್ತೀರೇನ್ರಿ?”

“ಅನ್ನಾ ಯಾರ ಉಣ್ತಾರವಾ, ಜ್ವರಾ ಬಂದಾಗ ಉಣ್ಣೂದು.”

ರೇಷ್ಮಾ ನೇರವಾಗಿ ಕೂದಲು ತೆಗೆಯುವ ಕಿಟಕಿಗೆ ಹೋದಳು. ಅಲ್ಲಿ ಎಸ್ತೇರ್ ಸಿಸ್ಟರ್ ಕತ್ತರಿ ಹಿಡಿದು ಕೂತಿದ್ದರು. ಸಾಲಿನಲ್ಲಿ ಹೆಂಗಸರು, ಗಂಡಸರು ಎಲ್ಲ ಒಟ್ಟಿಗೆ. ಒಬ್ಬ ಹೆಂಗಸು ಮುಂದೆ ಬಂದಳು. ಸಿಸ್ಟರ್ ಅವಳ ಜಡೆಯನ್ನು ಮೆಲ್ಲಗೆ ಎತ್ತಿ ತುದಿಯಲ್ಲಿ ಚೂರು ಕತ್ತರಿಸಿ, ಲಕೋಟೆಯಲ್ಲಿಟ್ಟು ‘ಬುಡ’ ಎಂದು ಬರೆದರು.

“ಸಿಸ್ಟರ್, ಅದು ತುದಿ ಅಲ್ಲೇನ್ರಿ?”

ಎಸ್ತೇರ್ ಸಿಸ್ಟರ್ ಕನ್ನಡಕದ ಮೇಲಿಂದ ನೋಡಿದರು. “ಹೌದು. ಬುಡದ್ದು ಬೇಕಂದ್ರ ಜಡಿ ಬಿಚ್ಚಬೇಕಲ್ಲವಾ ರೇಷ್ಮಾ. ಇಷ್ಟ ಮಂದಿ ಗಂಡಸೂರ ಮುಂದ, ಸತ್ತ ಮನಿ ಗತಿ ಕೂದಲಾ ಬಿಚ್ಚಿಕೊಂಡು ನಿಂದ್ರಂದ್ರ ಹ್ಯಾಂಗ? ಮೊದಲ ವರ್ಷ ಒಬ್ಬಾಕಿ ಅತ್ತೇಬಿಟ್ಟಳು. ಅವತ್ತಿಂದ ನಾ ತುದೀದ ತಗೋತೇನಿ. ಇದ್ದೋರು ಇಲ್ಲೇ ಇದ್ದೋರು, ಬುಡಕ್ಕೂ ಇದ ನೀರು, ತುದಿಗೂ ಇದ ನೀರು.”

ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ರೇಷ್ಮಾಳಿಗೆ ಮನಸ್ಸು ಬರಲಿಲ್ಲ. ಆದರೆ ಈಗ ದಾರಿ ಸುಲಭವಾಯಿತು ಎಂದುಕೊಂಡಳು. ಉದ್ದ ಜಡೆಯ ತುದಿ ಎಂದರೆ ಐದಾರು ವರ್ಷದ ಹಿಂದಿನ ಕಥೆ. ಆ ಹೆಂಗಸು ಆಗ ಎಲ್ಲೋ ಹೋಗಿದ್ದಿರಬಹುದು. ಬುಡದ ಕೂದಲು ತೆಗೆದು ಇನ್ನೊಮ್ಮೆ ಸುಟ್ಟರೆ ಮುಗಿಯಿತು. ಮುತಾಲಿಕರೂ ಒಪ್ಪಿದರು. ಆದರೆ ಒಂದು ಷರತ್ತು: ರೋಗಿಯ ಒಪ್ಪಿಗೆ ಬೇಕು, ಮತ್ತು ಎಳೆಯನ್ನು ಅಧಿಕಾರಿಯ ಕಣ್ಣೆದುರೇ ಬುಡದಿಂದ ತೆಗೆಯಬೇಕು.

ರೇಷ್ಮಾ ಓಡುತ್ತ ಬಂದು ಹೇಳಿದಳು. “ಅಮ್ಮಾ, ತುರಬಾ ಸ್ವಲ್ಪ ಬಿಚ್ಚರಿ. ಬುಡದಾಗ ಎರಡ ಎಳಿ ಸಾಕು. ಕೂದಲಾ ನೀವು ಕುಡದ ನೀರಿಂದನ ಬೆಳೀತದ, ಅದರಾಗ ಎಲ್ಲಾ ಬರದಿರತದ. ಎರಡು ತಾಸಿನ್ಯಾಗ ನೀವು ಇಲ್ಲೇರು ಅಂತ ಸಾಬೀತಾಗತದ.”

ನೀಲಗಂಗವ್ವನ ಕೈ ತುರುಬಿನ ಮೇಲೆ ಹೋಯಿತು. ಅವಳ ಮುಖದಲ್ಲಿ ಏನೋ ಅರ್ಥವಾದಂತೆ ಆಗಿ, ತಕ್ಷಣ ಬಾಗಿಲು ಹಾಕಿಕೊಂಡಂತಾಯಿತು.

“ಒಲ್ಲೆ,” ಎಂದಳು.

“ಯಾಕ್ರಿ?”

“ಒಲ್ಲೆ ಅಂದ್ರ ಒಲ್ಲೆ. ಸತ್ರ ಸಾಯ್ತೇನಿ.”

“ಅತ್ತೀ!” ಎಂದು ಶಶಿಕಲಾ ಚೀರಿದಳು. “ಎರಡ ಕೂದಲಕ್ಕ ಜೀವಾ ಕೊಡ್ತೀರೇನು? ನಿಮಗ ಕೂದಲಿಂದ ಭಾಳ ಸೊಕ್ಕು ಬಿಡ್ರಿ!”

ನೀಲಗಂಗವ್ವ ಗೋಡೆಯ ಕಡೆ ತಿರುಗಿದಳು.

ಅವಳ ತಲೆಯ ಮೇಲಿದ್ದ ಕೂದಲಿನಲ್ಲಿ ಮುಕ್ಕಾಲು ಪಾಲು ಅವಳದಾಗಿರಲಿಲ್ಲ. ಅದು ಚೌರಿ, ಕೊಂಡು ತಂದು ಕಟ್ಟಿಕೊಳ್ಳುವ ಕೂದಲು. ಇಪ್ಪತ್ತಾರನೆಯ ವಯಸ್ಸಿನಲ್ಲಿ ವಿಷಮಜ್ವರ ಬಂದು ಕೂದಲೆಲ್ಲ ಉದುರಿತ್ತು. ಮತ್ತೆ ಬಂದದ್ದು ಬೆರಳುದ್ದ, ಅದೂ ಅಲ್ಲಲ್ಲಿ. ಮದುವೆಗೆ ಮೊದಲು ಅವಳನ್ನು ನೋಡಲು ಬಂದವರು ಮೊಣಕಾಲ ತನಕ ಇದ್ದ ಜಡೆ ನೋಡಿಯೇ ಒಪ್ಪಿದ್ದರು. ಕೂದಲು ನೋಡಿ ತಂದ ಸೊಸೆ ಎಂದು ಅತ್ತೆ ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದಳು. ತವರಿನಲ್ಲಿ ಜ್ವರ ಬಿಟ್ಟು ಎದ್ದಾಗ ನೀಲಗಂಗವ್ವನ ತಾಯಿ ಬಾಯಿ ಬಿಡದೆ ಒಂದು ಚೌರಿ ತಂದುಕೊಟ್ಟಳು. ಅಂದಿನಿಂದ ಮನೆಯವರು ಏಳುವ ಮೊದಲೇ ಬಚ್ಚಲ ಬಾಗಿಲು ಹಾಕಿಕೊಂಡು ತಲೆ ಬಾಚುವುದು ಅವಳ ನೇಮವಾಯಿತು. ಮೂವತ್ತು ವರ್ಷ ಯಾರೂ ನೋಡಲಿಲ್ಲ, ಅಥವಾ ನೋಡಿದೆವೆಂದು ಹೇಳಲಿಲ್ಲ. ಗಂಡ ರುದ್ರಪ್ಪ ಬದುಕಿದ್ದಾಗ ಒಂದು ಸಲ ಹಳೆಯ ಚೌರಿ ಸವೆದು ಹಗ್ಗದಂತಾಗಿತ್ತು. ಮರುವಾರ ಅವಳ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಪೇಪರಿನಲ್ಲಿ ಸುತ್ತಿದ ಹೊಸ ಚೌರಿ ಇತ್ತು. ಅವನು ಏನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಅದೇ ಈಗ ಅವಳ ತಲೆಯ ಮೇಲಿರುವುದು. ನಿನ್ನೆ ಎಸ್ತೇರ್ ಸಿಸ್ಟರ್ ಕತ್ತರಿಸಿದ್ದು ಅದರ ತುದಿಯನ್ನೇ. ಕೂದಲು ಕೂದಲೇ, ಯಾರದಾದರೇನು ಎಂದು ಅವಳು ಸುಮ್ಮನಿದ್ದಳು. ಅದು ಬೇರೆಯವಳು ಕುಡಿದ ನೀರನ್ನು ಹೇಳುತ್ತದೆಂದು ಅವಳಿಗೆ ಹೇಗೆ ಗೊತ್ತಾಗಬೇಕು?

ಈಗ ಗೊತ್ತಾಗಿತ್ತು. ಹೇಳಿದರೆ ಜೀವ ಉಳಿಯುತ್ತದೆ. ಹೇಳಬೇಕಾದದ್ದು ಅಧಿಕಾರಿಯ ಮುಂದೆ, ಸೊಸೆಯ ಮುಂದೆ.

ಆ ಸಂಜೆ ರೇಷ್ಮಾ ಮನೆಗೆ ಹೋದರೂ ಕೂತಲ್ಲಿ ಕೂರಲಿಲ್ಲ. ಅವಳ ತಾಯಿ ಹಲೀಮಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು.

“ಊಟಾ ಮಾಡು. ತಾಟು ಹಿಡಕೊಂಡು ಅಡ್ಡಾಡಬ್ಯಾಡ, ದನದ ಗತಿ.”

“ಅಮ್ಮಿ, ಒಬ್ಬಾಕಿ ಎರಡು ಕೂದಲಾ ಕೊಡಾಕ ಒಲ್ಲೆ ಅಂತಾಳ. ಕೊಡಲಿಲ್ಲಂದ್ರ ಸಾಯ್ತಾಳ. ಯಾಕಿರಬೇಕು?”

“ಕೇಳಿದೇನು?”

“ಹತ್ತು ಸಲ ಕೇಳಿದೆ.”

“ಯಾರ ಮುಂದ ಕೇಳಿದೆ?”

ರೇಷ್ಮಾ ನಿಂತಳು. ಶಶಿಕಲಾ ಇದ್ದಳು. ಬಾಗಿಲಲ್ಲಿ ಮುತಾಲಿಕರಿದ್ದರು. ಪಕ್ಕದ ಹಾಸಿಗೆಯವಳು ಕಿವಿ ಇಟ್ಟುಕೊಂಡು ಕೂತಿದ್ದಳು.

“ನಿಮ್ಮ ದೊಡ್ಡಾಸ್ಪತ್ರ್ಯಾಗ ಎಲ್ಲಾ ಪುಕಟ ಕೊಡ್ತೀರಿ,” ಎಂದರು ಹಲೀಮಾ ರೊಟ್ಟಿ ಮಗುಚುತ್ತ, “ಒಂದು ಪಡದೆ ಅಷ್ಟ ಕೊಡಂಗಿಲ್ಲ.”

ಬುಧವಾರ ಬೆಳಿಗ್ಗೆ ರೇಷ್ಮಾ ಏಳಕ್ಕೇ ವಾರ್ಡಿಗೆ ಬಂದು ಹಾಸಿಗೆಯ ಸುತ್ತ ಪರದೆ ಎಳೆದು ಕೂತಳು. ನೀಲಗಂಗವ್ವನ ಎದೆಯ ದೀಪ ಹಳದಿಗೆ ತಿರುಗಿತ್ತು.

“ಅಮ್ಮಾ, ನಾವಿಬ್ಬರ ಅದೇವಿ. ಏನಿದ್ರೂ ನನಗ ಹೇಳ್ರಿ. ನಾ ಯಾರಿಗೂ ಹೇಳಂಗಿಲ್ಲ.”

“ನೀ ಹೇಳಂಗಿಲ್ಲ. ಆ ಸಾಹೇಬ ಎದುರ ನಿಂತ ನೋಡ್ತಾನಂತಲ್ಲ?”

“ಅದು ನಿಯಮರೀ. ನೋಡಬೇಕು.”

“ಮತ್ತ ಪಡದೆ ಯಾಕ ಎಳದೆ?”

ರೇಷ್ಮಾ ಮುತಾಲಿಕರ ಬಳಿ ಹೋಗಿ ಕೇಳಿದಳು. ಬೇರೆ ಕೋಣೆ, ಒಬ್ಬ ಮಹಿಳಾ ಅಧಿಕಾರಿ, ಏನಾದರೂ ಸಾಧ್ಯವೇ? ಅವರು ಮೂರು ಕಡೆ ಫೋನು ಮಾಡಿದರು. ಮಹಿಳಾ ಅಧಿಕಾರಿ ವಿಭಾಗದ ಕಚೇರಿಯಲ್ಲಿದ್ದರು, ಶುಕ್ರವಾರ ಬರಬಹುದಂತೆ. ಶುಕ್ರವಾರ ಬಂದು ಏನು ಮಾಡುವುದು? ಮುತಾಲಿಕರು ಊಟದ ಡಬ್ಬಿ ತೆರೆದು ಹಾಗೇ ಮುಚ್ಚಿದರು.

ಮೂರು ಗಂಟೆಗೆ ಹೃದಯದ ಚಿತ್ರ ತೆಗೆಸಲು ನೀಲಗಂಗವ್ವನನ್ನು ಗಾಲಿಕುರ್ಚಿಯಲ್ಲಿ ಕೆಳಗೆ ತಂದರು. ಬರುವಾಗ ಕೂದಲ ಕಿಟಕಿಯ ಮುಂದೆ ಸಾಲು ದಾರಿಗೆ ಅಡ್ಡವಾಗಿತ್ತು. ಕುರ್ಚಿ ನಿಂತಿತು. ಕಿಟಕಿಯಲ್ಲಿ ಮೂವತ್ತರ ಆಸುಪಾಸಿನ ಒಬ್ಬಳು, ಹೂ ಮುಡಿದ ದಪ್ಪ ಜಡೆ, ಎದೆಗೆ ಅವಚಿಕೊಂಡ ವೈದ್ಯರ ಚೀಟಿ. ಮೈ ಬತ್ತಿತ್ತು, ಕೆನ್ನೆ ಒಳಗೆ ಹೋಗಿದ್ದವು.

ಎಸ್ತೇರ್ ಸಿಸ್ಟರ್ ನಿನ್ನೆಯ ಮಾತಿನ ನಂತರ ನಿಯಮದಂತೆ ನಡೆಯಲು ನಿಶ್ಚಯಿಸಿದ್ದರು. “ಬುಡದ್ದು ಬೇಕವಾ. ಜಡಿ ಬಿಚ್ಚತಿ?” ಎಂದು ಮೆತ್ತಗೆ ಕೇಳಿದರು.

ಆ ಹೆಂಗಸಿನ ಕೈ ಕತ್ತಿನ ಹಿಂದೆ ಹೋಯಿತು. ಬೆರಳುಗಳು ಜಡೆಯ ಮೇಲ್ಭಾಗದ ಗಂಟನ್ನು ಮುಚ್ಚಿಕೊಂಡವು. “ತುದೀದ ತಗೋರಿ ಅಕ್ಕಾರ, ನಡೀತೇತಿ,” ಎಂದಳು.

ಆ ಕೈ ಹೋದ ರೀತಿ ನೀಲಗಂಗವ್ವನಿಗೆ ಗೊತ್ತಿತ್ತು. ಚೌರಿ ಕಟ್ಟಿದವರ ಕೈ ಮಾತ್ರ ಹಾಗೆ ಹೋಗುತ್ತದೆ, ಮೊದಲು ಗಂಟು ಗಟ್ಟಿ ಇದೆಯೇ ಎಂದು ಮುಟ್ಟಿ ನೋಡುತ್ತದೆ. ಎಸ್ತೇರ್ ಸಿಸ್ಟರ್ ನಿಟ್ಟುಸಿರು ಬಿಟ್ಟು, ಪಾಪ ಎನಿಸಿ, ಕತ್ತರಿಯನ್ನು ತುದಿಗೆ ತಂದರು.

“ಏ ಸಿಸ್ಟರ್! ತಡೀರಿ!”

ಸಾಲಿನವರೆಲ್ಲ ತಿರುಗಿದರು. ನೀಲಗಂಗವ್ವನಿಗೇ ತನ್ನ ದನಿ ಕೇಳಿ ಹೆದರಿಕೆಯಾಯಿತು. ಹಿಂದೆ ಕುರ್ಚಿ ಹಿಡಿದಿದ್ದ ಶಶಿಕಲಾ, “ಅತ್ತೀ, ಏನಾತ್ರಿ? ಎದಿ ನೋಯಾಕತ್ತೇತೇನು?” ಎಂದು ಬಗ್ಗಿದಳು.

“ನನ್ನ ಎದಿ ಹಾಳಾಗಲಿ. ಆಕಿ ತುದಿ ತಗೋಬ್ಯಾಡ್ರಿ. ಆಕಿನ್ನ ಯಾವ ಊರಿಗೆ ಕಳಸ್ತೀರೋ ಏನೋ.” ಉಸಿರು ಸಾಲದೆ ನಿಂತಳು. ಆ ಹೆಂಗಸು ಮುಖ ಕೆಂಪಗೆ ಮಾಡಿಕೊಂಡು ನೆಲ ನೋಡುತ್ತಿದ್ದಳು. ಅವಳ ಗುಟ್ಟನ್ನು ಇನ್ನೇನು ಬೀದಿಗೆ ತಂದೆ ಎನಿಸಿತು ನೀಲಗಂಗವ್ವನಿಗೆ. ಅದನ್ನು ತಡೆಯಲು ಉಳಿದದ್ದು ಒಂದೇ ದಾರಿ.

ಅವಳು ಸೆರಗು ಸರಿಸಿ, ಎರಡೂ ಕೈ ಎತ್ತಿ ತುರುಬಿನ ಪಿನ್ನು ತೆಗೆದಳು. ಒಂದು, ಎರಡು, ಐದು. ತುರುಬು ಜಾರಿ ಜಡೆಯಾಗಿ ಹೆಗಲ ಮೇಲೆ ಬಿತ್ತು. ಗಂಟು ಬಿಚ್ಚಿ ಎಳೆದಳು. ಮೊಳದುದ್ದದ ಕಪ್ಪು ಕೂದಲು ಅವಳ ತೊಡೆಯ ಮೇಲೆ ಬಂದು ಕೂತಿತು. ತಲೆಯ ಮೇಲೆ ಬೆರಳುದ್ದದ ಬಿಳಿ ಕೂದಲು ಗಾಳಿಗೆ ಅಲುಗುತ್ತಿತ್ತು.

“ಇದು ನನ್ನದಲ್ಲ, ಚೌರಿ,” ಎಂದಳು ಎಲ್ಲರಿಗೂ ಕೇಳುವಂತೆ. “ಇದ ಹಿಮಾಲಯದ್ದು. ನಾ ಇಲ್ಲೀಕಿ. ಸಾಹೇಬ್ರನ್ನ ಕರೀರಿ, ಬುಡ ನೋಡ್ಲಿ, ಕಣ್ಣ ತುಂಬ ನೋಡ್ಲಿ.”

ಯಾರೂ ನಗಲಿಲ್ಲ. ಸಾಲಿನಲ್ಲಿದ್ದ ಮುದುಕನೊಬ್ಬ ಗೋಡೆಯ ಕಡೆ ಮುಖ ಮಾಡಿ ನಿಂತ. ಅವನನ್ನು ನೋಡಿ ಇನ್ನಿಬ್ಬರು ಗಂಡಸರು ತಿರುಗಿದರು, ಆಮೇಲೆ ಒಬ್ಬೊಬ್ಬರಾಗಿ ಉಳಿದವರೂ. ಶಶಿಕಲಾಳಿಗೆ ಏನು ಮಾಡಬೇಕೋ ತೋಚಲಿಲ್ಲ. ಕೊನೆಗೆ ತನ್ನ ಸೆರಗನ್ನು ಎಳೆದು ಅತ್ತೆಯ ತಲೆಯ ಮೇಲೆ ಹೊದಿಸಿ, ಹಾಗೇ ಹಿಡಿದುಕೊಂಡು ನಿಂತಳು. “ನಿನ್ನೆ ಹೇಳಿದ್ರ ಏನಾಕ್ಕಿತ್ತರಿ?” ಎಂದು ಬೈಯುತ್ತಲೇ ಇದ್ದಳು. “ನಾ ಏನ ಹೊರಗಿನಾಕೇನು?”

ಮುತಾಲಿಕರು ಬಂದರು, ನೋಡಿದರು, ನೋಡಿದೆನೆಂದು ಬರೆದರು. ರೇಷ್ಮಾ ಎರಡು ಬಿಳಿ ಎಳೆಗಳನ್ನು ಚಿಮುಟದಲ್ಲಿ ಹಿಡಿದು ನೆಲಮಾಳಿಗೆಗೆ ಓಡಿದಳು. ಯಂತ್ರ ಬಿಸಿಯಾಗಲು ಅರ್ಧ ಗಂಟೆ, ಸುಡಲು, ತೂಗಲು ಒಂದು ಗಂಟೆ. ಅವಳು ಕುರ್ಚಿಯಲ್ಲಿ ಕೂತಳು, ಎದ್ದಳು, ನಲ್ಲಿ ತಿರುಗಿಸಿ ಒಂದು ಲೋಟ ನೀರು ಕುಡಿದಳು. ನಾಲ್ಕೂ ಐವತ್ತಕ್ಕೆ ಪರದೆಯ ಮೇಲೆ ಸಾಲು ಮೂಡಿತು. ನೀರು ಮಲಪ್ರಭೆಯದು. ಆಹಾರ ಜೋಳ. ನಿವಾಸಿ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ನೀಲಗಂಗವ್ವನ ಎದೆಯೊಳಗೆ ಪೇಸ್‌ಮೇಕರ್ ಕೂತಿತು.

ಆದರೆ ರೇಷ್ಮಾಳಿಗೆ ಸಮಾಧಾನವಾಗಲಿಲ್ಲ. ಮೂರು ವರ್ಷದ ದಾಖಲೆ ತೆಗೆದು ಕೂತಳು. ‘ನಿವಾಸಿ ಅಲ್ಲ’ ಎಂದು ಆ ಆಸ್ಪತ್ರೆ ಹಿಂದಕ್ಕೆ ಕಳಿಸಿದವರು ನಲವತ್ತಾರು ಮಂದಿ. ಅವರಲ್ಲಿ ಹೆಂಗಸರು ನಲವತ್ತೊಂದು. ಯಂತ್ರಕ್ಕೆ ಗಂಡು ಹೆಣ್ಣೆಂದು ಗೊತ್ತಿಲ್ಲ. ಹಾಗಾದರೆ ಈ ಲೆಕ್ಕ ಎಲ್ಲಿಂದ ಬಂತೆಂದು ಅವಳು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಪ್ರತಿ ಹಾಳೆಗೂ ಅವಳದೇ ಸಹಿ ಇತ್ತು. ಮುತಾಲಿಕರ ಅನುಮತಿ ಪಡೆದು ಮೊದಲ ಆರು ಜನಕ್ಕೆ ಫೋನು ಮಾಡಿದಳು. ಇಬ್ಬರ ಫೋನು ಹತ್ತಲಿಲ್ಲ. ಒಬ್ಬರ ಮಗ, ಅವ್ವ ಹೋಗಿ ನಾಲ್ಕು ತಿಂಗಳಾಯಿತು ಎಂದ. ಉಳಿದ ಮೂವರೂ, “ಚೌರಿ? ನಮಗ್ಯಾಕ್ರಿ ಚೌರಿ, ಯಾರ್ ಹೇಳಿದ್ರು ನಿಮಗ?” ಎಂದು ಸಿಟ್ಟಿನಿಂದ ಫೋನು ಇಟ್ಟರು.

ಶನಿವಾರ ಅವಳು ಪಟ್ಟಿ ಹಿಡಿದು ವಾರ್ಡಿಗೆ ಬಂದಾಗ ನೀಲಗಂಗವ್ವ ತಲೆಗೆ ಹತ್ತಿಯ ಬಟ್ಟೆ ಕಟ್ಟಿಕೊಂಡು ಚಹಾ ಕುಡಿಯುತ್ತಿದ್ದಳು. ಚೌರಿ ದಿಂಬಿನ ಪಕ್ಕದಲ್ಲಿತ್ತು.

“ಈ ಕೂದಲಾ ಯಾರದಂತ ನಿನ್ನ ಮಿಷನ್ನಿಗೆ ಗೊತ್ತಾಗತದೇನು ತಂಗಿ?”

“ಹೆಸರ ಗೊತ್ತಾಗಂಗಿಲ್ರಿ. ಗುಡ್ಡದ ಹೊಳಿ ನೀರು ಕುಡದಾಳ. ಅನ್ನಾ, ಗೋಧಿ. ನಡುವ ಒಂದು ಮೂರು ತಿಂಗಳು ಹೊಟ್ಟಿಗೆ ಬರೋಬರಿ ಇರಲಿಲ್ಲ ಆಕಿಗೆ. ಜಡ್ಡೂ ಇರಬಹುದು.”

ನೀಲಗಂಗವ್ವ ಚಹಾದ ಲೋಟ ಕೆಳಗಿಟ್ಟಳು. “ಅಲ್ಲಿ ಹಿಂತಾ ಆಸ್ಪತ್ರಿ ಐತೇನು?”

“ಗೊತ್ತಿಲ್ರಿ.”

ನೀಲಗಂಗವ್ವ ಚೌರಿಯನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡಳು.

“ಆ ಪಟ್ಟಿ ಏನು?”

ರೇಷ್ಮಾ ಹೇಳಿದಳು. ಫೋನು ಇಟ್ಟವರ ವಿಷಯವನ್ನೂ ಹೇಳಿದಳು.

“ನಿನ್ನ ಮುಂದ ಹೇಳ್ತಾರೇನು ಅವರು? ನಿನ್ನ ಜಡಿ ನೋಡು, ಹಾವಿನ ಗತಿ ಐತಿ,” ಎಂದಳು ನೀಲಗಂಗವ್ವ. “ತಾ ಇಲ್ಲೆ ಫೋನು. ಅವರೊಳಗ ಮೂರನೇದ್ದು ಯಾರು? ಆಕಿಗೇ ಹಚ್ಚು.”

ಫೋನು ಏಳೆಂಟು ಸಲ ಬಡಿದುಕೊಂಡಿತು. ಅತ್ತ ಒಂದು ಹೆಣ್ಣು ದನಿ, “ಯಾರ್ರಿ?” ಎಂದಿತು. ಹಿಂದೆ ಮಿಕ್ಸರಿನ ಸದ್ದು, ಮಕ್ಕಳ ಗಲಾಟೆ, ಯಾರೋ ಗಂಡಸಿನ ಕೆಮ್ಮು.

“ನಾ ಯಾರಂದ್ರ ನಿನಗ ತಿಳಿಯಂಗಿಲ್ಲವಾ. ರೊಟ್ಟಿ ಬಡಿಯಾಕಿ,” ಎಂದಳು ನೀಲಗಂಗವ್ವ. “ಒಂದು ಮಾತು ಕೇಳೂದೈತಿ. ಹತ್ರ ಮಂದಿ ಅದಾರೇನು? ಇದ್ರ ಒಳಗ ಹೋಗಿ ಬಾಗಲಾ ಹಾಕ್ಕೋ. ನಾ ಕಾಯ್ತೇನಿ, ಅವಸರಿಲ್ಲ.”

ಇಟ್ಟೇಬಿಡುತ್ತಾಳೇನೋ ಎಂದು ರೇಷ್ಮಾ ಬಗ್ಗಿ ಫೋನಿಗೆ ಕಿವಿ ತಂದಳು. ಮಿಕ್ಸರಿನ ಸದ್ದು ಮೆಲ್ಲಗೆ ದೂರವಾಯಿತು, ಮಕ್ಕಳ ಗಲಾಟೆ ದೂರವಾಯಿತು. ಆಮೇಲೆ ಒಂದು ಚಿಲಕ ಬಿದ್ದ ಸದ್ದು ಕೇಳಿಸಿತು.

“ಹೂಂ, ಈಗ ಹೇಳ್ರಿ,” ಎಂದಿತು ದನಿ.